ಚಿಕ್ಕಂದಿನಲ್ಲಿ ನನ್ನನ್ನು ನೋಡಿದವರು

ನಮ್ಮ ಊರಿನಲ್ಲಿ ಕೆಳಗಿಟ್ಟ ವಸ್ತು, ಯಾರಾದರೊಬ್ಬರ ಮನಸ್ಸು ಅದರ ಮೇಲಿರುವಷ್ಟು ಹೊತ್ತು ಮಾತ್ರ ಇಟ್ಟಲ್ಲಿ ಇರುತ್ತದೆ. ಇಟ್ಟವರ ಮನಸ್ಸೇ ಆಗಬೇಕೆಂದಿಲ್ಲ, ಯಾರದ್ದಾದರೂ ನಡೆಯುತ್ತದೆ. ಮನಸ್ಸು ಬೇರೆ ಕಡೆ ಹೊರಳಿತೆಂದರೆ ತಂಬಿಗೆಯೋ ಸೌಟೋ ಮೆಲ್ಲಗೆ ಸರಿಯತೊಡಗುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಅಡಿಗೆಮನೆಯಲ್ಲಿ ಕೂತು ಅಳುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಇಲ್ಲಿ ಹುಟ್ಟಿದವರಿಗಂತೂ ಅದು ಉಸಿರಾಡಿದಷ್ಟು ಸಲೀಸು. ರೊಟ್ಟಿ ಬಡಿಯುತ್ತ, ಕಿಟಕಿಯಿಂದಲೇ ನೆರೆಯವಳ ಸಂಗಡ ಜಗಳವಾಡುತ್ತ, ಮನಸ್ಸಿನ ಒಂದು ಮೂಲೆಯಲ್ಲಿ ಮನೆಯ ಪಾತ್ರೆಪಗಡೆಗಳನ್ನೆಲ್ಲ ಹಿಡಿದುಕೊಂಡಿರುತ್ತಾರೆ. ಸಭೆ ಸಮಾರಂಭಗಳಲ್ಲಿ ಮಾತ್ರ ಫಜೀತಿ. ಭಾಷಣ ಚೆನ್ನಾಗಿದ್ದರೆ ಎಲ್ಲರೂ ಅದರಲ್ಲೇ ಮುಳುಗಿ, ಹೊರಗೆ ಬಿಟ್ಟ ಚಪ್ಪಲಿಗಳು ಬೀದಿ ದಾಟಿ ಹೋಗಿರುತ್ತವೆ. ಸಪ್ಪೆಯಾಗಿದ್ದರೆ ಮೆಟ್ಟಿಲ ಬಳಿಯೇ ಬಿದ್ದಿರುತ್ತವೆ. ಮಾತುಗಾರನ ಯೋಗ್ಯತೆಯನ್ನು ನಮ್ಮವರು ಹಾಗೆಯೇ ಅಳೆಯುತ್ತಾರೆ.

ನಮ್ಮ ಮನೆಯಲ್ಲಿ ಎಲ್ಲವನ್ನೂ ದಾರದಿಂದ ಕಟ್ಟಿಡುತ್ತಿದ್ದೆವು. ಚಮಚ ಡಬ್ಬಿಗೆ, ಡಬ್ಬಿ ಗೂಡಿಗೆ, ಬಾಚಣಿಗೆ ಕನ್ನಡಿಗೆ, ಕನ್ನಡಿ ಮೊಳೆಗೆ. ನನ್ನ ಅವ್ವ ನಿಂಬೆವ್ವ ಮಾತಾಡುತ್ತಲೇ ಕೈಯಲ್ಲೊಂದು ಗಂಟು ಹಾಕಿ ಮುಗಿಸುತ್ತಿದ್ದಳು. ನಾನು ಆಕೆಯ ಒಬ್ಬಳೇ ಮಗಳು, ಕಸ್ತೂರಿ. ಮನೆಯಲ್ಲಿ ನನಗೆ ಯಾವ ತೊಂದರೆಯೂ ಇರಲಿಲ್ಲ. ಶಾಲೆಯಲ್ಲಿ ಮಾತ್ರ ಏನನ್ನೂ ಕಟ್ಟುವಂತಿರಲಿಲ್ಲ.

ತರಗತಿಯಲ್ಲಿ ಕೆಲವು ಗಂಡುಹುಡುಗರ, ಬಳಪದಿಂದ ಬರೆಯುವ ಪಾಟಿಗಳು ಹಾರಿ ಹೋಗಿ ಗೋಡೆಗೆ ಬಡಿಯುತ್ತಿದ್ದವು. ಇಡೀ ತರಗತಿ ತಿರುಗಿ ನೋಡುತ್ತಿತ್ತು. ನನ್ನ ಪಾಟಿ ಹಾಗೆಲ್ಲ ಮಾಡುತ್ತಿರಲಿಲ್ಲ; ಅದಕ್ಕೂ ನನ್ನಂತೆಯೇ ನಾಚಿಕೆ. ಸದ್ದಿಲ್ಲದೆ ಅಂಚಿನ ಕಡೆ ಸರಿಯುತ್ತಿತ್ತು. ಬೀಳುವ ಮುಂಚೆ ನಾನು ಎಡಗೈಯ ಕಿರುಬೆರಳನ್ನು ಅದರ ಚೌಕಟ್ಟಿಗೆ ಸಿಕ್ಕಿಸಿ ಹಿಡಿದುಕೊಳ್ಳುತ್ತಿದ್ದೆ. ಪಾಠ ಬೇಡವಾಗಿತ್ತು ಎಂದಲ್ಲ. ಮಾಸ್ತರರು ನದಿಯ ಬಗ್ಗೆ ಹೇಳಿದರೆ ನಾನು ಆ ನದಿಯ ಜೊತೆಗೇ ಹೊರಟುಬಿಡುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಅವರು ಗುಡ್ಡದ ಬಗ್ಗೆ ಹೇಳುತ್ತಿದ್ದರು.

ನನ್ನ ಪಕ್ಕದಲ್ಲಿ ಪಿಂಜಾರ ಓಣಿಯ ಇಮಾಂಬಿ ಕೂರುತ್ತಿದ್ದಳು. ಅವರ ಮನೆಯವರು ಹತ್ತಿ ಹಿಂಜಿ ಗಾದಿ ಮಾಡುವವರು. ನಮ್ಮಂಥ ಊರಿನಲ್ಲಿ ಹತ್ತಿಯ ಕೆಲಸ ಮಾಡುವವರ ಮನಸ್ಸು ಎಂಥದ್ದಿರಬೇಕು, ನೀವೇ ಊಹಿಸಿ. ಬರುಬರುತ್ತ ನನ್ನ ಪಾಟಿ ಸುಮ್ಮನಿರಲು ಕಲಿಯಿತು. ಬೆರಳು ಬಿಟ್ಟರೂ ಸರಿಯುತ್ತಿರಲಿಲ್ಲ. ನನ್ನ ಮನಸ್ಸು ಗಟ್ಟಿಯಾಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆಗ ನನಗೆ ಒಳ್ಳೆಯ ಅಂಕಗಳೂ ಬಂದವು.

ಏಳನೇ ತರಗತಿಗೆ ಸಂಗನಬಸಪ್ಪ ಮಾಸ್ತರರು ಬಂದರು. ಮಕ್ಕಳನ್ನು ಎತ್ತರದ ಪ್ರಕಾರ ಕೂರಿಸಿದರು. ಇಮಾಂಬಿ ಉದ್ದನೆಯವಳು, ಹಿಂದಿನ ಸಾಲಿಗೆ ಹೋದಳು. ನಾನು ಮುಂದೆ ಉಳಿದೆ. ಆ ವರ್ಷ ಪಾಟಿ ಹೋಗಿ ಪುಸ್ತಕ, ಪೆನ್ನು, ಕಂಪಾಸು, ಅಳತೆಪಟ್ಟಿ ಎಲ್ಲ ಬಂದಿದ್ದವು. ಒಂದನ್ನು ಹಿಡಿದರೆ ಇನ್ನೊಂದು ಹೊರಡುತ್ತಿತ್ತು. ಎರಡೂ ಕೈಯಲ್ಲಿ ಸಾಮಾನು ಹಿಡಿದು ಕೂತವಳು ಬರೆಯುವುದು ಯಾವುದರಲ್ಲಿ? ಮಾಸ್ತರರು ಅವ್ವನನ್ನು ಕರೆಸಿ, "ಈ ಹುಡುಗೀಗೆ ಓದಿನ ಮ್ಯಾಲೆ ಮನಸಿಲ್ಲ, ನಿಂಬೆವ್ವ," ಅಂದರು.

ಅದಕ್ಕೆ ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಬಟ್ಟಲು ಇಡುವುದು ಅನ್ನುತ್ತಾರೆ. ಹಿರಿಯರು ಸುತ್ತಲೂ ಕೂತು, ಮಗುವಿನ ಮುಂದೆ ತುಂಬಿದ ಹಾಲಿನ ಬಟ್ಟಲು ಇಟ್ಟು, ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಬಟ್ಟಲು ಸರಿದು ಹಾಲು ಚೆಲ್ಲಿದರೆ, ಪಾಪ, ಮಗುವಿನ ಮನಸ್ಸೇ ಚದುರಿದ್ದು, ಅದರ ತಪ್ಪಲ್ಲ ಎಂದು ಲೆಕ್ಕ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಪುಸ್ತಕದ ಮೇಲೆ ಸರಿಯದಷ್ಟು ಭಾರದ ಕಲ್ಲು ಇಟ್ಟುಕೊಳ್ಳಲು ಬಿಡುತ್ತಾರೆ. ಪಾಟಿ ಹಾರಿಸುತ್ತಿದ್ದ ಹುಡುಗರಿಗೆಲ್ಲ ಕಲ್ಲು ಸಿಕ್ಕಿತ್ತು. ನನ್ನ ಬಟ್ಟಲು ಮಾತ್ರ ಕದಲಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ, ಹಾಲಿನ ಮೇಲೆ ಒಂದು ಅಲೆಯೂ ಏಳಲಿಲ್ಲ. "ಮನಸು ಬೇಕಾದಷ್ಟು ಐತಿ. ಓದೂದಕ್ಕ ಸೊಕ್ಕು," ಅಂದರು ಹಿರಿಯರು. ಆ ವರ್ಷವೇ ನಾನು ಶಾಲೆ ಬಿಟ್ಟೆ.

ಆಮೇಲೆ ಕೌದಿ ಹೊಲಿಯುವುದನ್ನು ಕಲಿತೆ. ಕೈಯಲ್ಲಿರುವ ವಸ್ತು ಎಲ್ಲಿಗೂ ಹೋಗುವುದಿಲ್ಲ, ಕೌದಿಯನ್ನು ಕೆಳಗಿಡುವ ಪ್ರಸಂಗವೇ ಬರುವುದಿಲ್ಲ. ಹಳೆಯ ಸೀರೆ, ಅಂಗಿಗಳ ತುಂಡುಗಳ ನಡುವೆ ಕೆಲವೊಮ್ಮೆ ಶಾಲೆಯ ನೀಲಿ ಬಟ್ಟೆ ಸಿಗುತ್ತಿತ್ತು. ಅದನ್ನು ಯಾವಾಗಲೂ ನಡುವಿಗೆ ಹಾಕುತ್ತಿದ್ದೆ. ಜನ ಚಂದ ಅನ್ನುತ್ತಿದ್ದರು. ಹತ್ತನೆಯ ಪರೀಕ್ಷೆಯನ್ನು ಹೊರಗಿನಿಂದಲೂ ಕಟ್ಟಬಹುದು ಎಂದು ಕೇಳಿದಾಗಿನಿಂದ ನನಗೆ ಅದೊಂದೇ ಆಸೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಉತ್ತರಪತ್ರಿಕೆ ಬೆಂಚಿನಿಂದ ಜಾರಿ ಬಿದ್ದರೆ ಅಲ್ಲಿಗೆ ಮುಗಿಯಿತು, ಎತ್ತಿಕೊಂಡು ಹೋಗುತ್ತಾರೆ. ಕಲ್ಲಿಲ್ಲದೆ ನಾನು ಒಂದು ಪುಟವನ್ನೂ ಮುಗಿಸಲಾರೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಆಸ್ಪತ್ರೆಗೆ ಪ್ರತಿ ಗುರುವಾರ ಒಬ್ಬರು ಹೆಣ್ಣು ಡಾಕ್ಟರು ಬರತೊಡಗಿದರು. ಸುಮತಿ ಅಂತ ಹೆಸರು; ನಾವು ಡಾಕ್ಟರ್ ಬಾಯಿಯವರು ಅನ್ನುತ್ತಿದ್ದೆವು. ಕೊರಳ ಸ್ಟೆತಾಸ್ಕೋಪನ್ನು ತೆಗೆದು ಮೇಜಿನ ಮೇಲಿಟ್ಟರೆ ಅದು ಕಿಟಕಿಯ ಕಡೆ ಹೊರಡುತ್ತಿತ್ತು. ಅವರು ನಗುತ್ತ ಎದ್ದು ಹೋಗಿ ಹಿಡಿದು ತರುತ್ತಿದ್ದರು. ಬಟ್ಟಲು ಇಡಿಸದಿದ್ದರೂ ಅವರು ಹೇಳಿದರೆ ಕಲ್ಲು ಸಿಗುತ್ತದೆ ಎಂದು ಸುದ್ದಿಯಾಗಿತ್ತು. ಒಂದು ಗುರುವಾರ ನಾನು ಅವ್ವನ ಮಂಡಿನೋವಿಗೆಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಯಾರೋ ಒಬ್ಬ ತಂದೆಯನ್ನು ಅವನ ಮಗನ ಬಗ್ಗೆ ಅವರು ಕೇಳುತ್ತಿದ್ದುದು ಕೇಳಿಸಿತು. "ಎದುರಿಗೇ ನಿಂತು ಹೇಳಿದ್ರೂ ಕೇಳಿಸಿಕೊಳ್ಳದ ಹಾಗೆ ಇರ್ತಾನಾ? ಶುರು ಮಾಡಿದ್ದು ಅರ್ಧಕ್ಕೆ ಬಿಡ್ತಾನಾ? ತನಗೆ ಇಷ್ಟವಾದದ್ದು ಸಿಕ್ಕರೆ ಊಟವನ್ನೂ ಮರೀತಾನಾ? ಮನೇಲಿ ಮಾತ್ರಾನಾ, ಶಾಲೇಲೂನಾ?" ಆ ತಂದೆ ಪ್ರತಿಯೊಂದಕ್ಕೂ ಹೌದ್ರಿ, ಹೌದ್ರಿ ಅನ್ನುತ್ತಿದ್ದ. ಹೊರಗೆ ಕೂತ ನಾನೂ ಅವನ ಸಂಗಡ ತಲೆ ಆಡಿಸುತ್ತಿದ್ದೆ. ಎಷ್ಟು ಹೊತ್ತು ಆಡಿಸಿದೆನೋ, ಅವ್ವ ಮೊಣಕೈಯಿಂದ ತಿವಿದು, "ಯಾರ ಕರದ್ರು ನಿನ್ನ? ಯಾಕ ತೊನೀಲಿಕತ್ತಿ?" ಅಂದಳು.

ಮತ್ತೆ ಅಲ್ಲಿಗೆ ನನ್ನ ಸಲುವಾಗಿ ಹೋಗಲು ನನಗೆ ಒಂದು ಚಳಿಗಾಲವೇ ಬೇಕಾಯಿತು. ಅವ್ವನಿಗೆ ಹೇಳುವುದೇ ಕಷ್ಟವಾಗಿತ್ತು. ಹೇಳಿದ ಮೇಲೆ ಆಕೆ ಸಿಟ್ಟಿನಿಂದಲೇ ಬಂದಳು, ಸೆರಗಿನಲ್ಲಿ ಮನೆಯ ಹಿತ್ತಾಳೆ ಬಟ್ಟಲನ್ನು ಕಟ್ಟಿಕೊಂಡು.

"ನೋಡ್ರಿ ಬಾಯಾರ, ನನ್ನ ಮಗಳಿಗೆ ಏನೂ ಆಗಿಲ್ಲ. ಕಲ್ಲಿನಂಗ ಕುಂದ್ರತಾಳ. ಹುಡುಗೂರಂಗ ಜಿಗದಾಡಿದಾಕಿ ಅಲ್ಲ. ಬೇಕಿದ್ರ ಬಟ್ಟಲಾ ಇಟ್ಟು ನೋಡ್ರಿ."

ಬಟ್ಟಲಿಗೆ ನೀರು ತುಂಬಿ ಮೇಜಿನ ಮೇಲೆ ಇಟ್ಟಳು. ಅವ್ವ, ನರ್ಸಮ್ಮ, ಬಾಗಿಲಲ್ಲಿ ನಿಂತ ಇಬ್ಬರು ಹೆಂಗಸರು, ಎಲ್ಲರೂ ಅದನ್ನೇ ನೋಡಿದರು. ಬಟ್ಟಲು ಕದಲಲಿಲ್ಲ. ಡಾಕ್ಟರ್ ಬಾಯಿಯವರು ಬಟ್ಟಲನ್ನು ನೋಡಲಿಲ್ಲ, ನೋಡುತ್ತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರು. "ಚೇಷ್ಟೆ ಮಾಡೋ ಹುಡುಗರಿಗೆ ಬಟ್ಟಲು ಇಟ್ಟಾಗ, ನೀವೆಲ್ಲ ಏನು ನೋಡ್ತೀರಾ?" ಎಂದು ಕೇಳಿದರು.

"ಹುಡುಗನ್ನ ನೋಡ್ತೀವ್ರಿ. ಅಂವಾ ಒಂದ ಕಡೆ ಕುಂದರಬೇಕಲ್ಲ. ಅಂವನ್ನ ಹಿಡಿಯೂದರಾಗ..." ಅವ್ವನ ಮಾತು ಅಲ್ಲಿಗೇ ನಿಂತಿತು.

"ಈಗ ಎಲ್ಲರೂ ನನ್ನ ಜೊತೆ ಕಿಟಕಿ ಹತ್ತಿರ ಬನ್ನಿ. ಹೊರಗೆ ಏನೇನಿದೆ ಹೇಳಿ ನೋಡೋಣ. ಕಸ್ತೂರಿ, ಬಟ್ಟಲು ನಿನ್ನದು. ನಾವು ಯಾರೂ ನೋಡಲ್ಲ."

ಅವರೆಲ್ಲ ಬೆನ್ನು ತಿರುಗಿಸಿದರು. ನಾನು ಬಟ್ಟಲನ್ನೇ ನೋಡಿದೆ. ದೇವರಾಣೆ, ನೋಡಿದೆ. ಅದರ ಅಂಚಿನಲ್ಲಿ ಒಂದು ತಗ್ಗು ಇತ್ತು, ಅಜ್ಜಿಯ ಕಾಲದ್ದು, ಅಜ್ಜಿ ಅದರಲ್ಲಿ ಮಜ್ಜಿಗೆ ಕುಡಿಯುವಾಗ ಮೂಗಿನ ತುದಿ ಒದ್ದೆಯಾಗುತ್ತಿತ್ತು, ಮೂಗುತಿಯ ಹರಳು... ಸದ್ದಾಯಿತು. ನನ್ನ ಕಾಲ ಮೇಲೆಲ್ಲ ನೀರು. ಅವ್ವ ಬಟ್ಟಲನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

ಡಾಕ್ಟರ್ ಬಾಯಿಯವರು ಇದೂ ಸಾಲದು ಅಂದರು. ಒಂದು ದಿನ ಬಟ್ಟಲು ಬಿದ್ದದ್ದಕ್ಕೆ ಅರ್ಥವಿಲ್ಲ. ನಿದ್ದೆ ಇಲ್ಲದವರದ್ದೂ ಬೀಳುತ್ತದೆ, ಚಿಂತೆ ಇದ್ದವರದ್ದೂ ಬೀಳುತ್ತದೆ, ಮೈಯಲ್ಲಿ ರಕ್ತ ಕಡಿಮೆ ಇದ್ದರೂ ಬೀಳುತ್ತದೆ. ಕಿವಿ ನೋಡಿದರು, ಕಣ್ಣು ನೋಡಿದರು, ರಕ್ತ ತೆಗೆಸಿದರು. ನಿದ್ದೆಯ ಬಗ್ಗೆ, ದುಃಖದ ಬಗ್ಗೆ ಕೇಳಿದರು. ದುಃಖದ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ. ಮುಂದಿನ ಗುರುವಾರಗಳಲ್ಲಿ ಇನ್ನಷ್ಟು ಕೇಳಿದರು. ಕೊನೆಗೆ ಹೀಗೆ ಹೇಳಿದರು: "ನೋಡು ಕಸ್ತೂರಿ, ಇದು ಹುಟ್ಟಿನಿಂದ ಜೊತೆಗೆ ಬರೋದು. ಕೆಲವರಲ್ಲಿ ಕಾಲೂ ಓಡುತ್ತೆ, ಮನಸ್ಸೂ ಓಡುತ್ತೆ. ಕೆಲವರಲ್ಲಿ ಮನಸ್ಸು ಮಾತ್ರ ಓಡುತ್ತೆ, ಮೈ ಸುಮ್ಮನೆ ಕೂತಿರುತ್ತೆ. ಅಂಥ ಹೆಣ್ಣುಮಕ್ಕಳನ್ನ ಯಾರೂ ನನ್ನ ಹತ್ತಿರ ಕರ್ಕೊಂಡು ಬರಲ್ಲ. ನಿನ್ನದು ಅದೇ ಇರಬಹುದು. ಆದರೆ ಇರಬಹುದು ಅಂತ ಬರೆದುಕೊಡೋಕೆ ಆಗಲ್ಲ. ನೀನು ಚಿಕ್ಕವಳಿದ್ದಾಗಲೂ ಹೀಗೇ ಇದ್ದೆ ಅಂತ, ಮನೆ ಬಿಟ್ಟು ಬೇರೆ ಕಡೆ ನಿನ್ನ ನೋಡಿದವರು ಯಾರಾದ್ರೂ ಹೇಳಬೇಕು. ನಿಮ್ಮ ಅಮ್ಮ ಏನೂ ಇರಲಿಲ್ಲ ಅಂತಾರೆ. ನಿಮ್ಮ ಮಾಸ್ತರರನ್ನ ಕೇಳಿಸಿದೆ, ಓದಿನ ಮೇಲೆ ಮನಸ್ಸಿರಲಿಲ್ಲ ಅಂತಾರೆ. ಇನ್ಯಾರು ನೋಡಿದ್ದಾರೆ?"

ನಾನು ಎಲ್ಲರನ್ನೂ ನೋಡುತ್ತಿದ್ದವಳು. ಯಾರ ಚೀಲದ ಹೊಲಿಗೆ ಬಿಚ್ಚಿದೆ, ಯಾರು ಅತ್ತು ಬಂದಿದ್ದಾರೆ, ಎಲ್ಲ ನನಗೆ ಕಾಣುತ್ತಿತ್ತು. ನನ್ನನ್ನು ಯಾರು ನೋಡಿದ್ದಾರೆ ಎಂದು ಮಾತ್ರ ನಾನು ಎಂದೂ ಯೋಚಿಸಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಹೆಸರು ಬಾಯಿಗೆ ಬಂತು.

ಶಾಲೆ ಬಿಟ್ಟ ಮೇಲೆ ಇಮಾಂಬಿಯ ಸಂಗಡ ನಾನು ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಸಂತೆಯಲ್ಲಿ ಕಂಡರೆ ನಾನು ಬಳೆಗಾರರ ಸಾಲಿನ ಹಿಂದೆ ಸರಿದು, ಅವಳು ಹೋಗುವವರೆಗೂ ನೋಡುತ್ತಿದ್ದೆ, ಅಷ್ಟೇ. ಅವಳಿಗೆ ಅದೇ ಓಣಿಯಲ್ಲಿ ಮದುವೆಯಾಗಿತ್ತು. ನಾನು ಹೋದಾಗ ಜಗಲಿಯ ಮೇಲೆ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದಳು. ಸುತ್ತ ಹತ್ತಿಯ ರಾಶಿ, ಗಾಳಿ ಬೀಸಿದರೂ ಒಂದು ಎಳೆ ಅಲ್ಲಾಡುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಂತೆ.

"ಗಾದಿ ಬೇಕಿದ್ರ ಮ್ಯಾಲೆ ಬರ್ರಿ. ಬರೇ ಹತ್ತಿ ನೋಡೂದಿದ್ರ ಟಿಕೀಟ್ ಐತಿ," ಅಂದಳು ತಲೆ ಎತ್ತದೆ.

"ನಾನು... ಕಸ್ತೂರಿ."

"ಗೊತ್ತೈತಿ. ಮದಲ ನಿನ್ನ ಚಪ್ಲಿ ಹಿಡ್ಕೊಂಡ ಬಾ ಹೋಗು. ಆಗಲೇ ಕರೀಮಸಾಬನ ಮನಿ ದಾಟ್ಯಾವು."

ನಾನು ಓಡಿ ಹೋಗಿ ಹಿಡಿದು ತಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೂರಲು ಜಾಗ ಮಾಡಿಕೊಟ್ಟಳು. ನಾನು ಬಂದ ಕೆಲಸ ಹೇಳಿದೆ. ಹಿಂದುಮುಂದಾಗಿ, ನಡುವೆ ಬಿಟ್ಟು, ಮತ್ತೆ ಹಿಡಿದು. ಅವಳು ಬಿಲ್ಲು ಕೆಳಗಿಟ್ಟಳು.

"ನಿನ್ನ ಪಾಟಿ ತಾನ ನಿಂದ್ರತಿತ್ತು ಅಂತ ತಿಳಿದಿದ್ದೇನು?" ಅಂದಳು.

ನಾನು ಅವಳ ಮುಖ ನೋಡಿದೆ.

"ನಾ ಹಿಡದಿದ್ನೇ ಹುಚ್ಚೀ. ನಂದೊಂದು, ನಿಂದೊಂದು. ನಮ್ಮನ್ಯಾಗ ಇಷ್ಟ ಹತ್ತಿ ಹಿಡಿಯಾಕಿಗೆ ಎರಡ ಪಾಟಿ ಏನ್ ದೊಡ್ಡದು? ಹಿಂದಿನ ಸಾಲಿಗೆ ಹೋದ ಮ್ಯಾಲೆ ಮಂದಿ ತಲಿ ಅಡ್ಡ ಬಂದುವು. ನಿನ್ನ ಸಾಮಾನು ಕಾಣ್ತಿದ್ದಿಲ್ಲ."

ಡಾಕ್ಟರ್ ಬಾಯಿಯವರ ಮುಂದೆ ಇದನ್ನೇ ಹೇಳಲು ಬರುತ್ತೀಯಾ ಎಂದು ಕೇಳಿದೆ. ಆಗ ಅವಳ ರಾಶಿಯ ಅಂಚಿನಿಂದ ಒಂದು ಎಳೆ ಹತ್ತಿ ಎದ್ದು ತೇಲಿತು.

"ಒಬ್ಬರ ಪಾಟಿ ಇನ್ನೊಬ್ಬರು ಹಿಡಿಯೂದು ಕಾಪಿ ಹೊಡದಂಗ ಅಂತಿದ್ರು ಮಾಸ್ತರ. ಈಗ ನಾನ ಹೋಗಿ ಎಲ್ಲಾರ ಮುಂದ ಒಪ್ಪಗೋಬೇಕೇನು? ನಮ್ಮತ್ತಿ ಕಿವಿಗೆ ಬಿದ್ರ, ಸಾಲ್ಯಾಗೂ ಇದ ಮಾಡಿದ್ಯಾ, ಮಂದಿ ಮನಿ ಸಾಮಾನು ಕಾಯ್ಕೋಂತ ಕುಂತಿದ್ಯಾ ಅಂತಾಳ." ತೇಲುತ್ತಿದ್ದ ಎಳೆಯನ್ನು ಹಿಡಿದು ರಾಶಿಗೆ ಸೇರಿಸಿದಳು. "ಗುರುವಾರ ಮದವಿ ಗಾದಿ ಕೊಡೂದೈತಿ. ನೋಡ್ತೀನಿ."

ನೋಡ್ತೀನಿ ಅಂದರೆ ನಮ್ಮಲ್ಲಿ ಇಲ್ಲ ಎಂದೇ ಅರ್ಥ. ಆ ವಾರವಿಡೀ ನಾನು ಹೊಲಿದ ಹೊಲಿಗೆಯೆಲ್ಲ ಸೊಟ್ಟ. ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ಹತ್ತಿರ ಬಂದಿತ್ತು. ಅವ್ವ ಒಮ್ಮೆ, "ಯಾಕವ್ವಾ ಇಷ್ಟು ಹಠಾ? ಓದಿ ಯಾವ ರಾಜ್ಯಾ ಆಳಬೇಕಾಗೇತಿ?" ಅಂದಳು. ನನಗೆ ರಾಜ್ಯ ಬೇಕಿರಲಿಲ್ಲ. ಮನಸ್ಸಿರಲಿಲ್ಲ ಎಂಬ ಮಾತು ತಪ್ಪು ಎಂದು ಯಾರಾದರೂ ಹೇಳಬೇಕಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವಷ್ಟು ಧೈರ್ಯ ನನಗೆ ಇರಲಿಲ್ಲ.

ಗುರುವಾರ ಆಸ್ಪತ್ರೆ ಮುಚ್ಚುವ ಹೊತ್ತಿಗೆ, ನರ್ಸಮ್ಮ ಕಿಟಕಿಗಳನ್ನು ಹಾಕತೊಡಗಿದಾಗ, ಇಮಾಂಬಿ ಬಂದಳು. ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. "ಲಗೂನ ಕೇಳ್ರಿ ಬಾಯಾರ, ಗಾದಿ ಗಾಡಿ ಮ್ಯಾಲೆ ಐತಿ. ಇಲ್ಲಿಂದ ಹಿಡಕೊಂಡೀನಿ, ಭಾಳ ಹೊತ್ತು ಆಗೂದಿಲ್ಲ," ಅಂದಳು.

ಡಾಕ್ಟರ್ ಬಾಯಿಯವರು ಕೇಳಿದರು, ಅವಳು ಹೇಳಿದಳು. ಪಾಟಿಯ ವಿಷಯ ಹೇಳಿದಳು. ನಾನು ಲೆಕ್ಕದ ಮೊದಲ ಸಾಲನ್ನು ಎಲ್ಲರಿಗಿಂತ ಮುಂಚೆ ಬರೆದು, ಮೂರನೇ ಸಾಲಿನಲ್ಲಿ ಹಕ್ಕಿಯ ಕಾಲು ಬರೆಯುತ್ತಿದ್ದೆನಂತೆ. ಹಾಜರಿ ಕರೆದರೆ ಅವಳು ತೊಡೆ ಚಿವುಟಿದ ಮೇಲೆ ಹಾಜರಿ ಅನ್ನುತ್ತಿದ್ದೆನಂತೆ. ಕುಂಟಾಬಿಲ್ಲೆ ಆಡುವಾಗ ಒಂಟಿಕಾಲಲ್ಲೇ ನಿಂತು ಇರುವೆಯ ಸಾಲು ನೋಡುತ್ತಿದ್ದೆನಂತೆ, ಉಳಿದವರೆಲ್ಲ ಮನೆಗೆ ಹೋದರೂ. ಬುತ್ತಿ ತಂ‍ದದ್ದನ್ನು ಮರೆತು ಹಸಿದು ಕೂರುತ್ತಿದ್ದೆನಂತೆ. ಒಂದನೇ ತರಗತಿಯಿಂದಲೂ ಹಾಗೇ ಎಂದಳು. ನನಗೆ ಗೊತ್ತಿಲ್ಲದ ಒಬ್ಬ ಹುಡುಗಿಯ ಕಥೆಯನ್ನು ಕೇಳಿದಂತಿತ್ತು. ಆ ಹುಡುಗಿಯ ಮೇಲೆ ಅಷ್ಟು ಕಾಲ ಯಾರೋ ಕಣ್ಣಿಟ್ಟಿದ್ದರು.

"ಮನೇಲಿ?" ಎಂದು ಡಾಕ್ಟರ್ ಬಾಯಿಯವರು ಕೇಳಿದರು.

"ಮನ್ಯಾಗ ಏನೂ ಬೀಳ್ತಿದ್ದಿಲ್ರಿ. ಎಲ್ಲಾನೂ ದಾರ ಹಾಕಿ ಕಟ್ಟಿರ್ತಾರಲ್ಲ. ಒಮ್ಮೆ ನೀರು ಕುಡ್ಯಾಕ ತಂಬಿಗಿ ಎತ್ತಿದ್ರ ಅದರ ಹಿಂದ ಮೂರ ಡಬ್ಬಿ ಬಂದ್ವು."

ಅವ್ವ ಇಮಾಂಬಿಯನ್ನು, ನರ್ಸಮ್ಮನನ್ನು, ಮತ್ತೆ ಇಮಾಂಬಿಯನ್ನು ನೋಡಿದಳು. "ಅಂದ್ರ? ನಿಮ್ಮನ್ಯಾಗ ಕಟ್ಟೂದಿಲ್ಲೇನು?"

"ಯಾಕ ಕಟ್ಟೂನು ಚಿಗವ್ವಾ?"

"ಯಾರೂ ಕಟ್ಟೂದಿಲ್ಲ?" ಅವ್ವನ ದನಿ ಸಣ್ಣದಾಯಿತು. "ನಮ್ಮವ್ವನೂ ಕಟ್ತಿದ್ಲು... ಎಲ್ಲಾರ ಮನ್ಯಾಗೂ ಹಂಗ ಅಂತ ನಾ..." ಆಕೆಯ ಕೈ ತನ್ನಷ್ಟಕ್ಕೆ ಸೆರಗಿನ ತುದಿಯಲ್ಲಿ ಗಂಟು ಹಾಕುತ್ತಿತ್ತು. ಡಾಕ್ಟರ್ ಬಾಯಿಯವರು ಆಕೆಯ ಭುಜದ ಮೇಲೆ ಕೈಯಿಟ್ಟು, "ಇದು ಒಂದು ಮನೇಲಿ ಹೀಗೇ ಸಾಗಿ ಬರುತ್ತಮ್ಮ. ನಿಮ್ಮ ಮಾತು ಇನ್ನೊಂದು ಗುರುವಾರ ಆಡೋಣ," ಅಂದರು.

ಆಮೇಲೆ ಇಮಾಂಬಿಯ ಕಡೆ ತಿರುಗಿದರು. "ಕೊನೇ ಪ್ರಶ್ನೆ. ಮನಸ್ಸು ಅಲ್ಲಿ ಇಲ್ಲಿ ಓಡೋದು ಎಲ್ಲರಿಗೂ ಸ್ವಲ್ಪ ಇರುತ್ತೆ. ಅದರಿಂದ ಇವಳ ಬದುಕಿಗೆ ಪೆಟ್ಟು ಬಿತ್ತಾ? ಅಥವಾ ಮಾಸ್ತರರು ಹೇಳಿದ ಹಾಗೆ, ಇವಳಿಗೆ ಓದೇ ಬೇಡವಾಗಿತ್ತಾ?"

ಹೊರಗೆ ಗಾಡಿಯವನು, "ಏ ಯಕ್ಕಾ, ಗಾದಿ ಜಾರಾಕತ್ಯಾವು!" ಎಂದು ಕೂಗಿದ. ಇಮಾಂಬಿ ಆ ಕಡೆ ನೋಡಲಿಲ್ಲ.

"ಸಾಲಿ ಬಿಟ್ಟಳಲ್ರಿ, ಮರುದಿನಾ ಮತ್ತ ಬಂದ್ಲು. ಒಳಗಲ್ಲ. ಹಿಂದಿನ ಗ್ವಾಡಿ ಹೊರಗ, ಕಿಡಕಿ ಕೆಳಗ ಬಂದು ನಿಂತ್ಲು. ಯಾರಿಗೂ ಕಾಣಬಾರದು ಅಂತ ಕುಗ್ಗಿ ನಿಂದ್ರಾಕಿ. ನಾ ಹಿಂದಿನ ಸಾಲಿನಾಗ ಇದ್ನಿ, ನನಗ ತಲಿ ಮ್ಯಾಲಿನ ರಿಬ್ಬನ್ ಕಾಣಸ್ತಿತ್ತು. ಮಳಿ ಬಂದ್ರೂ ನಿಂದ್ರತಿದ್ಲು. ಆ ವರ್ಷಾ ಪೂರ್ತಿ ನಿಂತಾಳ್ರಿ ಆಕಿ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿಯೂ ಹೇಳಬೇಕೆಂದಿರಲಿಲ್ಲ. ಅವ್ವ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

"ನೀನು ಯಾರಿಗಾದ್ರೂ ಹೇಳಿದ್ಯಾ?" ಡಾಕ್ಟರ್ ಬಾಯಿಯವರು ಇಮಾಂಬಿಯನ್ನು ಕೇಳಿದರು.

"ಹೇಳಿದ್ರ ಮಾಸ್ತರ ಓಡಸ್ತಿದ್ರು. ಅದಕ್ಕ ಹೇಳ್ಲಿಲ್ಲ. ಪಾಠಾ ಓದಾಕ ಯಾರ ಏಳತೀರಿ ಅಂದ್ರ ನಾನ ಏಳತಿದ್ನಿ. ಕಿಡಕಿ ಕಡೆ ಮಾರಿ ಮಾಡಿ ಜೋರಾಗಿ ಓದತಿದ್ನಿ. ಯಾಕ ಒದರತಿ ಅಂತ ಬೆತ್ತದಲೆ ಹೊಡೀತಿದ್ರು. ಹೊಡದ್ರ ಹೊಡೀಲಿ ಅಂತ ಇನ್ನಷ್ಟು ಒದರತಿದ್ನಿ."

ಡಾಕ್ಟರ್ ಬಾಯಿಯವರು ಸಾಕು ಅಂದರು. ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಎ.ಡಿ.ಎಚ್.ಡಿ. ಎಂದು ಅದರ ಹೆಸರು ಹೇಳಿದರು. ಪರೀಕ್ಷೆಗೆ ಕಲ್ಲು ಇಟ್ಟುಕೊಳ್ಳಬಹುದು, ಹೊತ್ತೂ ಸ್ವಲ್ಪ ಹೆಚ್ಚು ಕೊಡುತ್ತಾರೆ, ಔಷಧದ ಮಾತು ಮುಂದೆ ಆಡೋಣ ಎಂದು ಅವ್ವನಿಗೆ ವಿವರಿಸುತ್ತಿದ್ದರು. ಅವೆಲ್ಲ ನನ್ನ ಕಿವಿಗೆ ದೂರದಿಂದ ಬಂದವು.

ಇಮಾಂಬಿ ಎದ್ದು ಸೆರಗು ಕೊಡವಿದಳು. ಬಾಗಿಲವರೆಗೆ ಹೋದವಳು ಚೌಕಟ್ಟು ಹಿಡಿದು ನಿಂತು, ನನ್ನ ಕಡೆ ನೋಡದೆ, ಗಾಡಿಯ ಕಡೆ ನೋಡುತ್ತ ಕೇಳಿದಳು.

"ಕೇಳಸ್ತಿತ್ತೇನು?"

"ಕೇಳಸ್ತಿತ್ತು," ಅಂದೆ.